ಮಾತ್ರೆಯ ಹೊತ್ತು

"ಆ ಬೈಕ್ ಬಿಡಬೇಡ, ಹಿಂದೇ ಹೋಗು!" ನಲ್ವೋಗ ತಾನು ಹತ್ತಿದ್ದ ಬೋಡಾದ, ಅಂದರೆ ಬಾಡಿಗೆ ಬೈಕಿನ, ಸವಾರನ ಬೆನ್ನಿಗೆ ಗುದ್ದಿದಳು. ಮುಂದಿನ ಬೈಕಿನಲ್ಲಿ ಅವಳ ಗಂಡ ವಲುಸಿಂಬಿ ಕೂತಿದ್ದ. ಅವನನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿಕೊಂಡವಳು ಅವಳ ಸವತಿ ಜೈತೂನಿ.

ಎಲ್ಲಿಗೆಂದು ನಲ್ವೋಗಳಿಗೆ ಗೊತ್ತಿತ್ತು. ಮಸಾಕ ಪಟ್ಟಣದ ಎಚ್‌ಐವಿ ಕ್ಲಿನಿಕ್ಕಿಗೆ. ಆ ಸೋಂಕು ಮೂವರಿಗೂ ಇತ್ತು, ಮೂವರೂ ವರ್ಷಗಳಿಂದ ಅದರ ಮಾತ್ರೆ ನುಂಗುತ್ತಿದ್ದರು. ಅದರಲ್ಲಿ ಹೊಟ್ಟೆ ಉರಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಉರಿ ಹತ್ತಿದ್ದು ನಾಲ್ಕು ತಿಂಗಳ ಹಿಂದೆ, ಜೈತೂನಿಯ ಮನೆಗೆ ಇನ್ನೊಂದು ಮಾತ್ರೆ ಬಂದಾಗ. ಇಲ್ಲದ ದನಿ ಕೇಳಿಸುವವರಿಗೆ ಅದೇ ಕ್ಲಿನಿಕ್ಕಿನಲ್ಲಿ ಕೊಡುವ ಮಾತ್ರೆಯಂತೆ.

ಅಂದಿನಿಂದ ವಲುಸಿಂಬಿಗೆ ಸಂಜೆಯಾದರೆ ಕಿರಿಯಳ ಮನೆಯೇ ಗತಿ. ಕೇಳಿದರೆ ಒಂದೇ ಉತ್ತರ: "ಮಾತ್ರೆ ಹೊತ್ತಿಗೆ ನಾನು ಅಲ್ಲಿರ್ಬೇಕು." ಅಪ್ಪಿತಪ್ಪಿ ನಲ್ವೋಗಳ ಮನೆಗೆ ಬಂದರೂ ಅವಳು ಬೇಯಿಸಿದ ಬಾಳೆಕಾಯಿ ಮತೋಕೆಯನ್ನು ಮುಟ್ಟುತ್ತಿರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಅವನ ಕೈಯಲ್ಲಿ ಚಹಾ ಲೋಟ ನಡುಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ತಲೆ ನೆಟ್ಟಗಿದ್ದದ್ದೇ ತನ್ನ ತಪ್ಪಾಯಿತಲ್ಲ ಎಂದು ಅವಳು ಎಷ್ಟೋ ಸಲ ಅತ್ತಿದ್ದಳು. ಇವತ್ತು ಅತ್ತದ್ದು ಸಾಕೆನಿಸಿತ್ತು. ತನಗೂ ದನಿ ಕೇಳಿಸುತ್ತದೆ ಎಂದು ನರ್ಸ್ ಮುಂದೆ ಹೇಳಿಬಿಡುವುದು. ಮಾತ್ರೆ ಬಂದರೆ ಮಾತ್ರೆಯ ಹೊತ್ತಿಗೆ ಗಂಡನೂ ಬರಲೇಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕ್ಲಿನಿಕ್ಕಿನ ಜಗಲಿಯಲ್ಲಿ ಜೈತೂನಿ ಅವಳನ್ನು ಕಂಡು ಗಾಬರಿಯಿಂದ ಎದ್ದು ಬಂದಳು. "ಅಕ್ಕಾ, ನೀವ್ಯಾಕೆ ಬಂದ್ರಿ? ಕೈ ಮುಗೀತೀನಿ, ಹೋಗಿ."

"ಯಾಕೆ? ಗಂಡನ್ನ ನಿನ್ನ ಹೆಸರಿಗೇ ಬರೆಸ್ಕೊಂಡಿದ್ದೀಯೇನೇ? ನಂಗೂ ದನಿ ಕೇಳ್ಸತ್ತೆ. ನಂಗೂ ಆ ಮಾತ್ರೆ ಬೇಕು!"

ಅವಳ ಕೂಗಿಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ವಲುಸಿಂಬಿ ಮಾತ್ರ ನೋಡಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಮೂಲೆಗೆ ಸರಿದು ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ನರ್ಸ್ ಅವನ ಬಳಿಗೆ ಓಡಿ ಬಂದಳು. "ಏನಮ್ಮಾ ಜೈತೂನಿ, ಇವ್ರಿಗೆ ಮಾತ್ರೆ ತಪ್ಸಿದ್ಯಾ?"

"ಇಲ್ಲ ಸಿಸ್ಟರ್. ದಿನಾ ನಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡ್ತೀನಿ. ಆದ್ರೆ ಕೈ ತುಂಬಾ ನಡುಗತ್ತೆ, ನಡೆಯೋವಾಗ ಮೈ ಮರದ ಹಾಗೆ ಬಿಗಿಯತ್ತೆ."

"ಈ ಸೋಂಕಿರೋ ಮೈಗೆ ಆ ಮಾತ್ರೆ ಬೇಗ ಹಾಗ್ಮಾಡತ್ತೆ. ಡೋಸ್ ಇನ್ನೂ ಕಮ್ಮಿ ಮಾಡ್ಬಹುದಾ ಅಂತ ಡಾಕ್ಟರನ್ನ ಕೇಳೋಣ." ನರ್ಸ್ ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು.

ನಲ್ವೋಗ ಬೆಂಚಿನ ಮೇಲೆ ಕೂತಳು. "ಕಾಯಿಲೆ ಅವರಿಗಾ? ನಾಲ್ಕು ತಿಂಗಳು ನಂಗೊಂದು ಮಾತು ಹೇಳ್ಬಾರ್ದಿತ್ತೇನೇ? ನಾನು ನೋಡ್ಕೋತಿರ್ಲಿಲ್ವಾ?"

ಜೈತೂನಿ ಅವಳ ಪಕ್ಕದಲ್ಲಿ ಕೂತು, ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದಳು.

"ಹೇಗೆ ಹೇಳ್ಲಿ ಅಕ್ಕಾ? ಹಗಲೂ ರಾತ್ರಿ ಅವರಿಗೆ ಕೇಳ್ಸೋ ದನಿ ನಿಮ್ದೇ."