ದಕ್ಷಿಣದ ಕಣಿವೆಗೆ ದಾರಿ

ಬೆಟ್ಟಗಳು ರಾತ್ರಿ ಜಾಗ ಬದಲಿಸುವುದರಿಂದ ನಮ್ಮ ಕಡೆ ಚಾರಣದ ಕೈಪಿಡಿ ದಿನವೂ ಮಧ್ಯಾಹ್ನ ಹೊಸದಾಗಿ ಅಚ್ಚಾಗುತ್ತದೆ. ಸ್ವತಃ ನಡೆದು ನೋಡಿದ್ದನ್ನಷ್ಟೇ ಅದರಲ್ಲಿ ಬರೆಸಬೇಕು. ನೀಲವ್ವ ನಸುಕಿನಿಂದ ದಕ್ಷಿಣದ ಕಣಿವೆಗೆ ದಾರಿ ಹುಡುಕುತ್ತಿದ್ದಳು. ಅಲ್ಲಿನ ಹಾಸ್ಟೆಲಿನಲ್ಲಿ ಅವಳ ಮಗಳಿದ್ದಳು. ತಿಂಗಳಿಗೊಮ್ಮೆ ಬರುವ ಭೇಟಿಯ ದಿನ ಇಂದೇ. ಎತ್ತ ತಿರುಗಿದರೂ ಹೊಸ ಬಂಡೆ ಗೋಡೆಯಂತೆ ಅಡ್ಡ ನಿಂತಿತ್ತು. ಕೊನೆಗೆ ಅವಳು ಕೈಪಿಡಿಯ ಕಚೇರಿಗೆ ಫೋನ್ ಮಾಡಿ, “ದಕ್ಷಿಣಕ್ಕ ದಾರಿ ಇಲ್ಲಂತ ಬರ್ಕೊಳ್ರಿ,” ಎಂದಳು.

ಮಧ್ಯಾಹ್ನ ಮಗಳ ಫೋನ್ ಬಂತು. “ಯವ್ವಾ, ಕೈಪಿಡಿ ನೋಡ್ದೆ. ಯಾರೋ ಮೈಗಳ್ಳರು ಕುಂತಲ್ಲೇ ಬರಿಸ್ಯಾರ, ಹೌದಿಲ್ಲೋ?”

“ಇಲ್ಲವ್ವಾ, ನಾನೇ ನಡದು ನೋಡೇನಿ.”

“ಹಂಗಾದ್ರ ಖರೇನ ಇರ್ತೈತಿ. ನಾ ಕಾಯೂದಿಲ್ಲ ಬಿಡು,” ಎಂದಳು ಮಗಳು. ಆದರೆ ಫೋನ್ ಇಡಲಿಲ್ಲ.