ಮೊಸಳೆ ಇಲ್ಲದ ಡಬ್ಬಿ

ಡಬ್ಬಿಯ ಮುಚ್ಚಳದ ಮೇಲೆ ಒಂದು ಮೊಸಳೆ ಮಲಗಿತ್ತು. ಗಂಗಲಕ್ಷ್ಮಮ್ಮ ಸೆರಗಿನಿಂದ ಒರೆಸಿ ನೋಡಿದರು. ಅವರ ತಾಯಿ ಪಾಪಮ್ಮ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಡಬ್ಬಿಯ ಮೇಲೆ ನಲವತ್ತು ವರ್ಷದಲ್ಲಿ ಒಂದು ದಿನವೂ ಮೊಸಳೆ ಇರಲಿಲ್ಲ.

"ರೀ, ಇಲ್ ಬನ್ನಿ. ನಾನು ಕಳ್ಳಿ ಆಗ್ಬಿಟ್ಟೆ."

ವಿಜಯನಗರದ ಆ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡ ಅಂಜಿನಯ್ಯ ಲೋಟ ಹಿಡಿದೇ ಒಳಗೆ ಬಂದರು. ಇನ್ನೊಂದು ಕೈಯಲ್ಲಿ ಡಬ್ಬಿ ಎತ್ತಿ ತೂಗಿ ನೋಡಿದರು. "ನಮ್ದಕ್ಕಿಂತ ಅರ್ಧ ಕೇಜಿ ಜಾಸ್ತೀನೇ ಇದೆ ಕಣೇ. ಲಾಸೇನಿಲ್ಲ."

ಆಗಿದ್ದಿಷ್ಟು. ಮಗ ರವಿಕುಮಾರ್ ಘಾನಾ ದೇಶದ ಕುಮಾಸಿಯಲ್ಲಿ ಬೋರ್‌ವೆಲ್ ಕೊರೆಯುವ ಕೆಲಸದಲ್ಲಿದ್ದ. ಮೂರು ತಿಂಗಳು ಅವನ ಜತೆ ಇದ್ದು ಬರಲು ಹೋದ ಗಂಗಲಕ್ಷ್ಮಮ್ಮ, ಗೋಡೆಗೇ ನಾಚಿಕೆಯಾಗುವಷ್ಟು ಗೋಡೆ ನೋಡಿ, ನಾಲ್ಕನೇ ದಿನ ಪಕ್ಕದ ಬೀದಿಯ ಪುಟ್ಟ ಮ್ಯೂಸಿಯಂಗೆ ಹೋಗಿ ಧೂಳು ಒರೆಸುವ ವಾಲಂಟಿಯರ್ ಆದರು. ಸಂಬಳವಿಲ್ಲ, ಟೀ ಉಂಟು. ಆ ನಾಡಿನ ಹಳೇ ಮುಖವಾಡ, ಡೋಲು, ರಾಜರ ಮಣೆ, ಚಿನ್ನದ ಪುಡಿ ಇಡುತ್ತಿದ್ದ ಹಿತ್ತಾಳೆ ಡಬ್ಬಿ, ಎಲ್ಲವನ್ನೂ ದೇವರ ಸಾಮಾನಿನ ಹಾಗೆ ಒರೆಸಿದರು. ಅವರು ಒರೆಸಿದ ಮೇಲೆ, ನೂರು ವರ್ಷದಿಂದ ಮುಖ ಗಂಟಿಕ್ಕಿಕೊಂಡಿದ್ದ ಎರಡು ಮುಖವಾಡಗಳು ನಕ್ಕವು ಎಂದು ವಿಜಯನಗರದಲ್ಲಿ ಸುದ್ದಿ.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಅಕೋಸುವಾ ಮೇಡಂ, ಒಂದು ಖಾಲಿ ಗಾಜಿನ ಪೆಟ್ಟಿಗೆ ತೋರಿಸಿ ಆಗಾಗ ಹೇಳುವರು: "ಇದರಲ್ಲಿದ್ದದ್ದನ್ನ ಹೊರಗಿನೋರು ಹೊತ್ಕೊಂಡು ಹೋದ್ರು ಅಮ್ಮ. ವಾಪಸ್ ಕೇಳಿದ್ರೆ ಪತ್ರ ಬರುತ್ತೆ, ಸಾಮಾನು ಬರಲ್ಲ." ಪ್ರತಿ ಶುಕ್ರವಾರ ಇವರು ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಒಯ್ದರೆ, ಅಕೋಸುವಾ ಆ ತಿಂಡಿಯ ಹೆಸರು ಕೇಳಿ ಕೇಳಿ ತಿಂದು, ಡಬ್ಬಿ ತೊಳೆದು, ಖಾಲಿ ಕೊಡುವರು. ಖಾಲಿ! ಪಾಪ, ಗೊತ್ತಾಗಲ್ಲ ಎಂದು ಗಂಗಲಕ್ಷ್ಮಮ್ಮ ಕ್ಷಮಿಸಿದ್ದರು.

ಕೊನೆಯ ದಿನ ಅಕೋಸುವಾ ಊರಲ್ಲಿರಲಿಲ್ಲ. ಉಳಿದವರಿಗೆಂದು ಗಂಗಲಕ್ಷ್ಮಮ್ಮ, ಎಲ್ಲಿಗೆ ಹೋದರೂ ಜತೆಗಿರುವ ತಾಯಿಯ ಡಬ್ಬಿಯಲ್ಲೇ ಚಿತ್ರಾನ್ನ ಒಯ್ದರು. ತಿಂದಾದ ಮೇಲೆ ತೊಳೆದು ಮೇಜಿನ ಮೇಲಿಟ್ಟರು. ಒರೆಸಲು ತೆಗೆದ, ಮುಚ್ಚಳದ ಮೇಲೆ ಹಿತ್ತಾಳೆ ಮೊಸಳೆ ಕೂರಿಸಿದ್ದ ಮ್ಯೂಸಿಯಂ ಡಬ್ಬಿಯೂ ಅಲ್ಲೇ ಇತ್ತು. ಫ್ಲೈಟಿಗೆ ಹೊತ್ತಾಯಿತೆಂದು ಮಗ ಹೊರಗೆ ಹಾರ್ನ್ ಹೊಡೆದ. ಕೈಗೆ ಸಿಕ್ಕಿದ್ದನ್ನು ಹಳೇ ಸೀರೆಯಲ್ಲಿ ಸುತ್ತಿ ಓಡಿದರು. ಊರಿಗೆ ಬಂದು ಹನ್ನೊಂದು ದಿನದ ಮೇಲೆ, ಚಟ್ನಿಪುಡಿ ತುಂಬಲು ಸೀರೆ ಬಿಚ್ಚಿದರೆ, ಮೊಸಳೆ.

"ಸುಮ್ನೆ ಅಟ್ಟದ ಮೇಲೆ ಇಟ್ಬಿಡು," ಎಂದರು ಅಂಜಿನಯ್ಯ. "ಯಾರು ಕೇಳ್ತಾರೆ?"

"ಅವರೂ ಹಿಂಗೇ ಅಂದಿದ್ರಂತೆ ಕಣ್ರೀ, ಆ ಹೊರಗಿನೋರು. ಫೋನ್ ಕೊಡಿ ಇಲ್ಲಿ."

ಗಂಗಲಕ್ಷ್ಮಮ್ಮನವರ ಇಂಗ್ಲಿಷಿನಲ್ಲಿ ಕ್ರಿಯಾಪದ ಇರಲಿಲ್ಲ, ಕಣ್ಣೀರಿತ್ತು. "ಮೇಡಂ, ಬಾಕ್ಸ್, ಕ್ರೊಕೊಡೈಲ್, ಮೈ ಬ್ಯಾಗ್, ಸಾರಿ ಸಾರಿ!" ಅವತ್ತು ತಾನೇ ಊರಿಗೆ ಮರಳಿದ್ದ ಅಕೋಸುವಾ ಫೋನ್ ಹಿಡಿದೇ ಒಳಗೆ ಓಡಿದರು. ಪರದೆಯ ಮೇಲೆ ಮೊಸಳೆ ಡಬ್ಬಿಯ ಗಾಜಿನ ಪೆಟ್ಟಿಗೆ ಕಂಡಿತು. ಮೇಲೊಂದು ದೀಪ, ಕೆಳಗೆ ಕೆಂಪು ಮಖಮಲ್ಲು, ನಡುವೆ ಪಾಪಮ್ಮನ ಡಬ್ಬಿ. ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೊಡೆದಿದ್ದ ಅಕ್ಷರ ಮಿರಮಿರ ಮಿಂಚುತ್ತಿತ್ತು: 'ಪಾಪಮ್ಮ, ಬಿನ್ನಿಪೇಟೆ, ೧೯೮೪'.

ಪಕ್ಕದಲ್ಲಿ, ಆ ಚಿತ್ರಾನ್ನದ ದಿನ ರಜೆಯಲ್ಲಿದ್ದ ಗೈಡ್ ಬರೆದಿಟ್ಟ ಚೀಟಿ. ಅಕೋಸುವಾ ಗಟ್ಟಿಯಾಗಿ ಓದಿದರು: "ಮೊಸಳೆ ಉದುರಿಹೋಗಿದೆ. ಲಿಪಿ ಗೊತ್ತಿಲ್ಲ. ಒಳಗೆ ಏನಿಡುತ್ತಿದ್ದರೋ ಗೊತ್ತಿಲ್ಲ."

ಆಮೇಲೆ ಎರಡು ನಿಮಿಷ ಫೋನಿನಲ್ಲಿ ಬರೀ ನಗು. ಹನ್ನೊಂದು ದಿನದಲ್ಲಿ ಮೂರು ಶಾಲೆಯ ಮಕ್ಕಳು ಅದರ ಚಿತ್ರ ಬರೆದುಕೊಂಡು ಹೋಗಿದ್ದರಂತೆ. ಒಬ್ಬ ಪ್ರೊಫೆಸರ್ ಅರ್ಧ ದಿನ ಭೂತಗನ್ನಡಿ ಹಿಡಿದು ನಿಂತು, ಮರುಭೂಮಿ ದಾಟಿ ಬಂದ ವ್ಯಾಪಾರಿಗಳದ್ದು ಎಂದು ತೀರ್ಮಾನ ಕೊಟ್ಟಿದ್ದನಂತೆ.

"ಪೊಲೀಸು?" ಎಂದರು ಗಂಗಲಕ್ಷ್ಮಮ್ಮ, ಮೆಲ್ಲಗೆ.

"ಪೊಲೀಸಾ? ಅಮ್ಮ, ನಮ್ಮ ಸಾಮಾನು ತಗೊಂಡು ಹೋಗಿ, ತಾವೇ ಫೋನ್ ಮಾಡಿದೋರು ನೀವೇ ಮೊದಲು."

ಗಂಗಲಕ್ಷ್ಮಮ್ಮ ನೆಲದ ಮೇಲೆ ಕಾಲು ಚಾಚಿ ಕೂತರು. ಆಗ ಅವರು ಬಿಟ್ಟ ನಿಟ್ಟುಸಿರಿಗೆ ಎದುರುಮನೆಯವರ ಬಟ್ಟೆ ಒಣಗಿತೆಂದು ಹೇಳುವವರಿದ್ದಾರೆ. ಅಂಜಿನಯ್ಯ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ನಾನು ಆಗ್ಲೇ ಹೇಳ್ಲಿಲ್ವಾ, ಫೋನ್ ಮಾಡು ಅಂತ?" ಎಂದರು.

ರವಿಯ ಜತೆ ಕೆಲಸ ಮಾಡುವ ಕೆಂಗೇರಿಯ ಭೈರೇಶ್ ರಜೆ ಮುಗಿಸಿ ಆ ಗುರುವಾರವೇ ಹೊರಡುವವನಿದ್ದ. ಅವನ ಕೈಗೆ ಕೊಡುವ ಮುಂಚೆ ಗಂಗಲಕ್ಷ್ಮಮ್ಮ ಮೊಸಳೆ ಡಬ್ಬಿಯೊಳಗೆ ಕವರಿನಲ್ಲಿ ಕಟ್ಟಿದ ಸಕ್ಕರೆ ಇಟ್ಟರು.

"ಚಿನ್ನದ ಪುಡಿ ಇಡೋ ಡಬ್ಬಿಗೆ ಸಕ್ರೆನಾ? ಇರುವೆ ಮುತ್ಕೊಳ್ಳುತ್ತೆ ಕಣೇ."

"ಮುತ್ಕೊಳ್ಳಲಿ. ಒಬ್ರ ಮನೆ ಡಬ್ಬಿನ ಖಾಲಿ ವಾಪಸ್ ಕೊಡೋದುಂಟೇನ್ರೀ? ನಮ್ಮಮ್ಮ ಎದ್ದು ಬಂದು ಒದೀತಾಳೆ."

"ಆಂಟಿ, ಏರ್‌ಪೋರ್ಟಲ್ಲಿ ಕೇಳಿದ್ರೆ ಏನು ಹೇಳ್ಲಿ?" ಎಂದ ಭೈರೇಶ್.

"ಇಸ್ಕೊಂಡಿದ್ದನ್ನ ವಾಪಸ್ ಕೊಡೋಕೆ ಹೋಗ್ತಾ ಇದೀನಿ ಅನ್ನು. ದಾರಿ ಬಿಡ್ತಾರೆ."

ಐದು ತಿಂಗಳ ಮೇಲೆ ಭೈರೇಶ್ ಮತ್ತೆ ರಜೆಗೆ ಬಂದ, ಜತೆಗೆ ಪಾಪಮ್ಮನ ಡಬ್ಬಿಯೂ ಬಂತು. ಮುಚ್ಚಳ ತೆಗೆದರೆ ಕಂಠಮಟ್ಟ ಹುರಿದ ಕಡಲೆಬೀಜ. ಅದರ ಮೇಲೆ ಮಡಿಸಿಟ್ಟ ಆ ಹಳೇ ಚೀಟಿ. 'ಒಳಗೆ ಏನಿಡುತ್ತಿದ್ದರೋ ಗೊತ್ತಿಲ್ಲ' ಎಂಬ ಸಾಲನ್ನು ಅಕೋಸುವಾ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಕೆಳಗೆ ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಒಂದು ಪದ ಬರೆದಿದ್ದರು: ಚಿತ್ರಾನ್ನ.