ಹಳ್ಳದಾಚೆಯ ಕಡವೆ

ಬೇಟೆಗೆ ತಡೆಯಿಲ್ಲದ ಕಾಲ. ಕೋವಿಗೆ ಹೂ ಮುಡಿಸುವ ಕೈಲ್‌ಪೊಳ್ದ್ ಹಬ್ಬ ಮುಗಿದು ಮೂರು ದಿನವಾಗಿತ್ತು. ಬಿದಿರು ಕೊಳವೆ ಊದಿ ಗಂಡು ಕಡವೆಯಂತೆ ಕೂಗುವುದನ್ನು ಚೆಂಗಪ್ಪ ಅಪ್ಪನಿಂದ ಕಲಿತಿದ್ದ. ಮೂರು ದಿನವೂ ಅವನು ಕೂಗಿದಾಗಲೆಲ್ಲ ಹಳ್ಳದಾಚೆಯಿಂದ ಒಂದು ಕಡವೆ ಮರುಕೂಗು ಹಾಕಿತ್ತು. ಕೊಂಬು ಮಾತ್ರ ತೋರಿಸಿರಲಿಲ್ಲ.

“ಕೂತಲ್ಲಿ ಕೂರಲಾಗ್ತಿಲ್ಲ ಕಣೇ,” ಎಂದ ಹೆಂಡತಿಗೆ. “ನಾಳೆ ಕೊಂಬು ಕಾಣದಿದ್ದರೂ ಸರಿ, ಪೊದೆ ಅಲ್ಲಾಡಿದರೆ ಗುಂಡು ಹೊಡೆದೇ ಬಿಡ್ತೀನಿ.”

ರೊಟ್ಟಿ ತಟ್ಟುತ್ತಿದ್ದ ಬೊಳ್ಳಮ್ಮನ ಕೈ ನಿಂತಿತು. “ನಿಮ್ಮಣ್ಣನೂ ಇದನ್ನೇ ಹೇಳ್ತಿದ್ದಾರಂತೆ. ನಿಮ್ಮತ್ತಿಗೆ ಹೇಳಿದರು. ಅವರ ಕಡವೆ ಹಳ್ಳದ ಈ ಕಡೆ ಕೂಗುತ್ತಂತೆ.”

ಒಂದು ಹಂದಿ ಯಾರ ಗುಂಡೇಟಿಗೆ ಬಿತ್ತು ಎಂದು ಜಗಳವಾಡಿ ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು.

ಮರುದಿನ ಬೆಳಗ್ಗೆ ಚೆಂಗಪ್ಪ ಕೋವಿಯನ್ನು ಮನೆಯಲ್ಲೇ ಬಿಟ್ಟು ಹೋದ. ಹಳ್ಳದಂಚಿನ ಮರದ ಮರೆಯಲ್ಲಿ ನಿಂತು, ಕೊಳವೆ ಊದದೆ, “ಅಣ್ಣಾ!” ಎಂದು ಕೂಗಿದ. ಇನ್ನೊಮ್ಮೆ ಕೂಗಿದ, ಗಂಟಲು ಬಿರಿಯುವಂತೆ.

ಎದುರು ಪೊದೆ ಅಲ್ಲಾಡಿತು.

“ಬಾಯಿ ಮುಚ್ಚೋ ಕತ್ತೆ! ಮೂರು ದಿನದಿಂದ ಕರೀತಿರೋ ಕಡವೆ ಓಡಿಹೋಗುತ್ತೆ!”